ಫ್ಯೂಯಲ್ ಪಂಪ್ ಎಲ್ಲಿರಬೇಕು?

ನಮ್ಮ ಮಾಮು ಹಳೆಯ ಕಾರ್ಬ್ಯುರೇಟರ್ ಜಿಪ್ಸಿಗೆ ಎಂಪಿಎಫ್‌ಐ ಎಂಜಿನ್ ಕೂರಿಸಿದ್ದರು. ಮಾಕಳಿದುರ್ಗದ ಬಳಿಯ ಏರಿನಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರತೊಡಗಿತು. ಹಿಂದಿನ ಸೀಟಿನಲ್ಲಿ ನಾನೂ ತಂಗಿಯೂ ಇದ್ದೆವು. ಹ್ಯಾಂಡ್‌ಬ್ರೇಕ್ ಕಾಪಾಡಿತು.

ಕಾರ್ಬ್ಯುರೇಟರಿಗೆ ಸುಮಾರು 0.3 ಬಾರ್ ಒತ್ತಡ ಸಾಕು. ಇಂಜೆಕ್ಟರಿಗೆ ಸುಮಾರು 3 ಬಾರ್ ಬೇಕು. ಮಾಮು ಪಂಪನ್ನು ಸರಿಯಾಗಿಯೇ ಆರಿಸಿದ್ದರು, ತಪ್ಪಿದ್ದು ಜಾಗ. ಅದನ್ನು ಬಾನೆಟ್ಟಿನೊಳಗೆ ಇಟ್ಟಿದ್ದರು. ಇಂಥ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸೋಲುತ್ತದೆ. ಎಳೆದಾಗ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಕುದಿಬಿಂದುವೂ ಇಳಿಯುತ್ತದೆ ಎಂದು ನಾವು ಓದಿಲ್ಲವೇ? ಎಂಜಿನ್ ಬಿಸಿಗೆ ಪೆಟ್ರೋಲ್ ಆವಿಯಾಯಿತು.

ಈಗ ಪಂಪ್ ಟ್ಯಾಂಕಿನ ಪಕ್ಕ, ಅದರ ತಳಕ್ಕಿಂತ ಕೆಳಗೆ, ಸೈಲೆನ್ಸರಿನಿಂದ ದೂರ ಇದೆ. ಕಲ್ಲು ತಾಗದಂತೆ ತಗಡಿನ ಕವಚ, ಪಂಪಿಗಿಂತ ಮೊದಲು ಫಿಲ್ಟರ್, ಎಂಜಿನ್ ನಿಂತರೆ ಪಂಪನ್ನೂ ನಿಲ್ಲಿಸುವ ರಿಲೇ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಮರೆಯಬೇಡಿ.