ಶೇ. 80ರ ಹಿಂದಿರುವ ಲೆಕ್ಕ

ಒಂದೇ ಕ್ಲಸ್ಟರಿನ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳು ಎಂದಿಟ್ಟುಕೊಳ್ಳಿ. ಐದನೇ ತರಗತಿಯಲ್ಲಿ ಒಂದು ಕಡೆ 10 ಮಕ್ಕಳು, ಇನ್ನೊಂದು ಕಡೆ 100. ಪಾಠ, ಮೇಷ್ಟ್ರು, ಮಕ್ಕಳ ಮನೆಯ ಸ್ಥಿತಿ ಎಲ್ಲವೂ ಸರಿಸಮ. ನಾಣ್ಯ ಚಿಮ್ಮಿದಂತೆ, ಪ್ರತಿ ಮಗುವೂ ಗಣಿತದಲ್ಲಿ ಪಾಸಾಗುವ ಸಾಧ್ಯತೆ ಅರ್ಧಕ್ಕರ್ಧ. ಹೀಗಿರುವಾಗ ಶೇ. 80 ಅಥವಾ ಅದಕ್ಕೂ ಮೇಲಿನ ಫಲಿತಾಂಶ ಬರೀ ಅದೃಷ್ಟದಿಂದಲೇ ಬಂದುಬಿಡುವ ಸಂಭವ ಎಷ್ಟು?

ಚಿಕ್ಕ ಶಾಲೆಗೆ ಸುಮಾರು 18ರಲ್ಲಿ ಒಂದು. ದೊಡ್ಡ ಶಾಲೆಗೆ ಸುಮಾರು 179 ಕೋಟಿಯಲ್ಲಿ ಒಂದು!

ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 10 ಮಕ್ಕಳ ಪಾಸು-ಫೇಲು ಒಟ್ಟು 1,024 ಬಗೆಯಲ್ಲಿ ಆಗಬಹುದು. ಎಂಟು, ಒಂಬತ್ತು ಅಥವಾ ಹತ್ತೂ ಮಕ್ಕಳು ಪಾಸಾಗುವ ಬಗೆಗಳು 45, 10 ಮತ್ತು 1; ಕೂಡಿದರೆ 56. ಮಕ್ಕಳು 100 ಆದರೆ ಒಟ್ಟು ಬಗೆಗಳ ಸಂಖ್ಯೆಗೇ 31 ಅಂಕಿಗಳು ಬೇಕು.

ಅಂದರೆ ಹತ್ತು ಮಕ್ಕಳ ಇಂಥ 100 ಶಾಲೆಗಳಿದ್ದರೆ ಐದಾರು ಶಾಲೆಗಳು ಶೇ. 80 ಮುಟ್ಟುತ್ತವೆ ಇಲ್ಲವೇ ದಾಟುತ್ತವೆ, ಐದಾರು ಶೇ. 20ರಲ್ಲೋ ಅದರ ಕೆಳಗೋ ಉಳಿಯುತ್ತವೆ. ಕಲಿಸಿದ್ದರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೂ ಮೊದಲಿನವರಿಗೆ ಶಾಲು-ಹಾರ, ಕೊನೆಯವರಿಗೆ ನೋಟಿಸು.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದ ಶಾಲೆಗಳ ಅಂಕಗಳನ್ನು ಜಾಲಾಡಿದ ಅರ್ಥಶಾಸ್ತ್ರಜ್ಞರಾದ ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್, ಪಟ್ಟಿಯ ತುದಿ-ಬುಡಗಳಲ್ಲಿ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣಿಸಿಕೊಳ್ಳುವುದನ್ನು ತೋರಿಸಿಕೊಟ್ಟರು.

ನಮ್ಮಲ್ಲಿ ಸಣ್ಣ ಶಾಲೆಗಳು ಹೇರಳ. ಮಗುವಿನ ಮನೆಯಿಂದ ಒಂದು ಕಿಲೋಮೀಟರಿನೊಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕೆಂಬುದು ಶಿಕ್ಷಣ ಹಕ್ಕಿನ ನಿಯಮ. ಅದೇ ಕಾನೂನಿನಂತೆ ಐದನೇ ತರಗತಿವರೆಗೆ ಒಟ್ಟು 60 ಮಕ್ಕಳಿದ್ದರೆ ಶಿಕ್ಷಕರು ಇಬ್ಬರು. ತರಗತಿಗೆ ಸರಾಸರಿ 12 ಮಕ್ಕಳು. ಅಂಥ ಕಡೆ ಪರೀಕ್ಷೆಯ ದಿನ ಒಬ್ಬ ಹುಡುಗನಿಗೆ ಜ್ವರ ಬಂದರೆ ಶೇ. 8 ಅತ್ತಿತ್ತ. ಅಪ್ಪ-ಅಮ್ಮನ ಜೊತೆ ಕಬ್ಬು ಕಟಾವಿಗೆ ಗುಳೆ ಹೋದ ಅಕ್ಕ-ತಂಗಿ ವಾರದ ಹಿಂದಷ್ಟೇ ಮರಳಿದ್ದರೆ ಇನ್ನೊಂದು ಶೇ. 17.

ಆದ್ದರಿಂದ ಊರಿನ ಶಾಲೆಗಳನ್ನು ಹೋಲಿಸುವವರು ಶೇಕಡಾವಾರಿನ ಪಕ್ಕದಲ್ಲೇ ಮಕ್ಕಳ ಸಂಖ್ಯೆಯನ್ನೂ ಬರೆಯಲಿ. ಮೂರು ವರ್ಷಗಳ ಫಲಿತಾಂಶ ಕೂಡಿಸಿ ನೋಡಲಿ. ಮಗು ಎಲ್ಲಿಂದ ಶುರುಮಾಡಿ ಎಲ್ಲಿಗೆ ಬಂತು ಎಂಬುದನ್ನು ಅಳೆಯಲಿ. ಅಷ್ಟು ಮಾಡದೆ ಒಂದು ವರ್ಷದ ಅಂಕಿ ಹಿಡಿದು ಶಾಲೆಯೊಂದನ್ನು ಕಳಪೆ ಎನ್ನುವ ಹಕ್ಕು ಯಾರಿಗೂ ಇಲ್ಲ.