ಮಧುವನಹಳ್ಳಿಯ ದಾರಿಯ ಇರುಳು

ಪಟ್ಟಣದ ಇರುಳೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬೆಂಗಳೂರಿನ ದೀಪಗಳು. ಕೊಳ್ಳೇಗಾಲದ ಪೇಟೆಯಲ್ಲಿ ಅಂಗಡಿಗಳ ಬಾಗಿಲು ಬಿದ್ದ ಮೇಲೆ ನೋಡುವುದೇನಿದೆ ಎಂದು ಹೊರಗಿನವರು ಕೇಳುತ್ತಾರೆ. ನೋಡುವುದು ಕಡಮೆ, ನಿಜ, ಕೇಳುವುದು ಬೇಕಾದಷ್ಟಿದೆ. ಊರ ಹಿಂದಿನ ಕೇರಿಗಳಲ್ಲಿ, ಹನೂರು ರಸ್ತೆಯ ಮಧುವನಹಳ್ಳಿಯಂತಹ ಹಳ್ಳಿಗಳಲ್ಲಿ, ಹರಕೆ ಹೊತ್ತವರ ಮನೆಯ ಮುಂದೆ ಚಪ್ಪರ ಎದ್ದಿತೆಂದರೆ ಅಂದು ಬೆಳಗಿನವರೆಗೆ ಕಥೆ ನಡೆಯುತ್ತದೆಂದೇ ತಿಳಿಯಬೇಕು.

ಕಥೆ ಮಾಡುವವರಲ್ಲಿ ಎರಡು ಪಂಗಡ. ಮಲೆಯ ಮಾದೇಶ್ವರನನ್ನು ಹಾಡುವವರು ದೇವರಗುಡ್ಡರು. ಅವರ ವಾದ್ಯ ಕಂಚಿನ ಕಂಸಾಳೆ. ಮಂಟೇಸ್ವಾಮಿ, ಸಿದ್ದಪ್ಪಾಜಿಯರನ್ನು ಹಾಡುವವರು ನೀಲಗಾರರು. ಅವರದು ತಂಬೂರಿ ಮತ್ತು ಗಗ್ಗರ. ಮುಮ್ಮೇಳದವನು ಒಂದಿಷ್ಟು ಹಾಡಿ, ಒಂದಿಷ್ಟು ಮಾತಿನಲ್ಲಿ ಹೇಳುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಕಾವ್ಯದ ಭಾಗಗಳಿಗೆ ‘ಸಾಲು’ಗಳೆಂದು ಹೆಸರು. ಒಂದೇ ಸಾಲಿಗೆ ಒಂದು ಇರುಳು ಸಾಲದೆ ಹೋಗುವುದೂ ಉಂಟು.

ಈ ಕಥೆಗಳ ನಾಯಕರು ಅರಸರಲ್ಲ. ಸಂಕಮ್ಮನ ಸಾಲಿನಲ್ಲಿ, ಕಾಡಿಗೆ ಹೊರಟ ಸೋಲಿಗ ಗಂಡ ಹೆಂಡತಿಯಿಂದ ಶೀಲದ ಭಾಷೆ ಕೇಳುತ್ತಾನೆ. ಆಕೆ ಕೊಡಲೊಲ್ಲಳು, ಹಿಂಸೆಗೊಳಗಾಗುತ್ತಾಳೆ. ಮಾದಪ್ಪ ಅವಳ ಪಕ್ಷ ವಹಿಸುತ್ತಾನೆ. ಸಿದ್ದಪ್ಪಾಜಿ ಪಾಂಚಾಳರ ಹುಡುಗ ಕೆಂಪಾಚಾರಿ; ಗುರುವಿಗಾಗಿ ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿದವನು. ದಿನವಿಡೀ ಮಗ್ಗದಲ್ಲಿ, ಹೊಲದಲ್ಲಿ ದುಡಿದವರು ನಿದ್ದೆಗೆಟ್ಟು ಕೂರುವುದು ಇದಕ್ಕಾಗಿಯೇ ಎಂದು ನನಗೆ ತೋರುತ್ತದೆ: ಆ ಕಥೆಯಲ್ಲಿ ಅವರೇ ಇದ್ದಾರೆ.

ಈ ಹಾಡಿಗೆ ಸರ್ಕಾರದ ಎಲ್ಲೆಗಳೂ ತಡೆಯಾಗಲಿಲ್ಲ. 1956ರವರೆಗೆ ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕಾವೇರಿಯಾಚೆಯ ಹಲಗೂರು ಮೈಸೂರಿನದು. ಕೆಂಪಾಚಾರಿಯ ಕಥೆ ಮಾತ್ರ ಹಲಗೂರಿನಿಂದ ಹೊಳೆ ದಾಟಿ ಈ ಕಡೆಯ ಚಿಕ್ಕಲ್ಲೂರಿಗೆ ಬಂದು ಗದ್ದಿಗೆಯಾಯಿತು. ಪ್ರತಿ ವರ್ಷ ಬನದ ಹುಣ್ಣಿಮೆಗೆ ಅಲ್ಲಿ ಐದು ದಿನದ ಜಾತ್ರೆ. ಮೊದಲ ಇರುಳು ಚಂದ್ರಮಂಡಲಕ್ಕೆ ಬೆಂಕಿ ಹೊತ್ತಿಸಿ, ಅದು ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ಸೀಮೆಗೆ ಒಳ್ಳೆಯ ಬೆಳೆಯೆಂದು ಜನ ನಂಬುತ್ತಾರೆ.

ನಮ್ಮ ಕಾಲೇಜಿನ ವೇದಿಕೆಯ ಮೇಲೆ ಕಂಸಾಳೆ ಬರುವುದು ಹತ್ತು ನಿಮಿಷದ ಕುಣಿತವಾಗಿ. ಅದು ಬೀಸು ಕಂಸಾಳೆ. ಕಣ್ಣಿಗೆ ಹಬ್ಬವೇ ಸರಿ. ಆದರೆ ಕಥೆಯಿರುವುದು ಕುಳಿತು ಹಾಡುವ ಹಾಡಿನಲ್ಲಿ; ಅದಕ್ಕೆ ಬೇಕಾದುದು ಚಪ್ಪಾಳೆಯಲ್ಲ, ಇರುಳು. ಪಿ. ಕೆ. ರಾಜಶೇಖರ ಅವರಂತಹ ವಿದ್ವಾಂಸರು ಮಾದೇಶ್ವರ ಕಾವ್ಯವನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದಾರೆ, ಪುಸ್ತಕ ಉಳಿಯುತ್ತದೆ. ಆದರೆ ನಡುರಾತ್ರಿ ಎದುರಿಗೆ ಕೂತವರು ತೂಕಡಿಸಿದಾಗ ಹಾಸ್ಯಕ್ಕೆ ತಿರುಗುವ, ಹೆಂಗಸರು ಕಣ್ಣೊರೆಸಿಕೊಂಡಾಗ ಸೊಲ್ಲನ್ನು ಮತ್ತೆ ಎಳೆಯುವ ಜಾಣ್ಮೆ ಅಚ್ಚಿಗೆ ಸಿಕ್ಕದು. ಕೇಳುವವರಿಲ್ಲದಿದ್ದರೆ ಹಾಡುವವನು ಸಾಲುಗಳನ್ನು ಮೊಟಕು ಮಾಡುತ್ತಾನೆ. ಮೊಟಕಾದುದನ್ನೇ ಅವನ ಶಿಷ್ಯ ಕಲಿಯುತ್ತಾನೆ.

ಆದುದರಿಂದ ಗೆಳೆಯರೇ, ಮುಂದಿನ ಸಲ ಕೇರಿಯೊಳಗಿಂದ ತಂಬೂರಿಯ ದನಿ ಕೇಳಿಬಂದರೆ ದಾಟಿ ಹೋಗಬೇಡಿ. ಒಂದು ಕಂಬಳಿ ಹೊದ್ದು, ಚಪ್ಪರದ ಅಂಚಿನಲ್ಲಾದರೂ ಕುಳಿತುಕೊಳ್ಳಿ.