ಸ್ಕೋಪಿನ ಪಕ್ಕಕ್ಕೊಂದು ಕೆಂಪು ಚುಕ್ಕೆ

ಅಮೆರಿಕದ ತ್ರೀ-ಗನ್ ಸ್ಪರ್ಧೆಯಲ್ಲಿ ರೈಫಲ್, ಪಿಸ್ತೂಲು, ಶಾಟ್‌ಗನ್ ಮೂರನ್ನೂ ಬಳಸಬೇಕು. ಗಡಿಯಾರ ಓಡುತ್ತಲೇ ಇರುತ್ತದೆ. ಎಂಟು ಮೀಟರ್ ದೂರದ ರಟ್ಟಿಗೆ ಹೊಡೆದವನು ಮರುಕ್ಷಣ ಇನ್ನೂರು ಮೀಟರ್ ಆಚೆಯ ಉಕ್ಕಿನ ತಟ್ಟೆಗೆ ತಿರುಗಬೇಕಾಗುತ್ತದೆ. ದೂರಕ್ಕೆಂದು ಎಂಟು ಪಟ್ಟು ಹಿಗ್ಗಿಸಿಟ್ಟ ಸ್ಕೋಪಿನಲ್ಲಿ ಹತ್ತಿರದ ರಟ್ಟನ್ನು ಹುಡುಕುವುದೇ ಕಷ್ಟ. ನೂರು ಮೀಟರ್‌ನಲ್ಲಿ ಸುಮಾರು 5 ಮೀಟರ್ ಅಗಲ ತೋರಿಸುವ ಸ್ಕೋಪು, ಎಂಟು ಮೀಟರ್‌ನಲ್ಲಿ ತೋರಿಸುವುದು ಎರಡು ಗೇಣಿನಷ್ಟು, ಅದೂ ಮಸುಕಾಗಿ. ಹಾಗಾಗಿ ಓಪನ್ ವಿಭಾಗದವರು ಅದೇ ರೈಫಲ್‌ಗೆ ಪುಟ್ಟ ರೆಡ್ ಡಾಟ್ ಒಂದನ್ನೂ ಕೂರಿಸಿಕೊಳ್ಳುತ್ತಾರೆ. (ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪಿಗೇ ಅವಕಾಶವಿಲ್ಲ. ಇದು ಬೇರೆಯದೇ ಆಟ.)

ರೆಡ್ ಡಾಟ್ ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಒಂದು ಸಣ್ಣ ಎಲ್‌ಇಡಿಯ ಬೆಳಕು ಲೇಪನವಿರುವ ಬಾಗುಗಾಜಿಗೆ ಬಡಿದು ಕಣ್ಣಿಗೆ ಮರಳುತ್ತದೆ. ಚುಕ್ಕೆ ಬಹುದೂರದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಎರಡೂ ಕಣ್ಣು ತೆರೆದೇ ನೋಡಬಹುದು. ಕಣ್ಣನ್ನು ಇಷ್ಟೇ ಅಂತರದಲ್ಲಿ ಇಡಬೇಕೆಂಬ ಕಟ್ಟುಪಾಡೂ ಇಲ್ಲ.

ಅದನ್ನು ಎಲ್ಲಿ ಕೂರಿಸಬೇಕು ಎಂಬುದರಲ್ಲಿ ಎರಡು ಪಂಗಡ. ಸ್ಕೋಪಿನ ನೆತ್ತಿಯ ಮೇಲಿಡುವುದು ಒಂದು; ಜರ್ಮನ್ ಸೇನೆಯ ಜಿ36 ರೈಫಲ್‌ನಲ್ಲಿ ಮೂರು ಪಟ್ಟಿನ ಸ್ಕೋಪಿನ ಮೇಲೆ ರೆಡ್ ಡಾಟ್ ಇದ್ದದ್ದು ಹೀಗೆಯೇ. ಇದರಲ್ಲಿ ರೈಫಲ್ ಹೊರಳಿಸಬೇಕಿಲ್ಲ, ಆದರೆ ತಲೆ ಎತ್ತಬೇಕು, ಕೆನ್ನೆ ರೈಫಲಿನ ಬಟ್ಟಿನಿಂದ ಬಿಟ್ಟುಹೋಗುತ್ತದೆ. ಇನ್ನೊಂದು, ಪಕ್ಕಕ್ಕೆ 45 ಡಿಗ್ರಿ ಓರೆಯಾಗಿ ಕೂರಿಸುವುದು. ಬಲಗೈಯವರಿಗೆ ಬಲಬದಿ. ರೈಫಲನ್ನು ಎಡಕ್ಕೆ ಹೊರಳಿಸಿದರೆ ಚುಕ್ಕೆ ನೇರ ಕಣ್ಣೆದುರು ಬರುತ್ತದೆ. ಕೆನ್ನೆ, ಭುಜ ಇದ್ದಲ್ಲೇ ಇರುತ್ತವೆ. ನನ್ನ ಮತ ಓರೆಗೇ. ಕೆನ್ನೆ ಒಮ್ಮೆ ಎದ್ದರೆ ಸ್ಕೋಪಿಗೆ ಮರಳುವಾಗ ಕಣ್ಣಿನ ಜಾಗವನ್ನು ಮತ್ತೆ ಹುಡುಕಬೇಕು, ಸೆಕೆಂಡು ಕಳೆಯುವುದು ಅಲ್ಲಿಯೇ.

ಜೋಡಿಸುವ ಮುನ್ನ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿಕೊಳ್ಳಬೇಕು. ಮೌಂಟ್ ಕೂರುವುದು ಪಿಕಾಟಿನಿ ರೈಲಿನ ಮೇಲೆ. ಅಮೆರಿಕದ ಸೇನೆ 1995ರಲ್ಲಿ ಅಳತೆ ನಿಗದಿ ಮಾಡಿದ ಅಡ್ಡಗೀರುಗಳ ಪಟ್ಟಿಯಿದು. ಸಾಧ್ಯವಾದರೆ ರಿಸೀವರ್ ಮೇಲಿನ ರೈಲನ್ನೇ ಬಳಸಿ, ಇಲ್ಲವೇ ಸ್ಕೋಪಿನ ರಿಂಗಿಗೇ ಬಿಗಿಯುವ ಮೌಂಟ್ ಕೊಳ್ಳಿ. ಮುಂದಿನ ಕೈ ಹಿಡಿಯುವ ಹ್ಯಾಂಡ್‌ಗಾರ್ಡ್ ಮೇಲೆ ಬೇಡ, ಅದು ಯಾವುದಕ್ಕಾದರೂ ಒರಗಿದಾಗ ತುಸು ಬಾಗುತ್ತದೆ, ಚುಕ್ಕೆಯೂ ಅದರೊಂದಿಗೆ ಸರಿಯುತ್ತದೆ. ತಿರುಪು ಬಿಗಿಯುವ ಮೊದಲು ಮೌಂಟನ್ನು ನಳಿಗೆಯ ದಿಕ್ಕಿಗೆ ದೂಡಿ ಗೀರಿನ ಅಂಚಿಗೆ ತಾಗಿಸಿ. ಈಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಮೌಂಟ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಮುಂದೆ ಸಂದಿಯಿದ್ದರೆ ಅಷ್ಟು ಜಾರುತ್ತದೆ. ಬಿಗಿಯುವುದಕ್ಕೆ ತಯಾರಕರು ಹೇಳಿದ ಅಂಕಿಯಷ್ಟೇ ಟಾರ್ಕ್. ಸ್ಕೋಪಿನ ಗುಬ್ಬಿ, ಚಾರ್ಜಿಂಗ್ ಹ್ಯಾಂಡಲ್ ಎಳೆಯುವ ಬೆರಳು, ಎರಡಕ್ಕೂ ಅಡ್ಡಿಯಿಲ್ಲವೆಂದು ಆಮೇಲೊಮ್ಮೆ ಕೈಯಾಡಿಸಿ ನೋಡಿ.

ಇನ್ನು ಜೀರೋ ಮಾಡುವುದು, ಅಂದರೆ ಗುಂಡು ಚುಕ್ಕೆಯಿದ್ದಲ್ಲೇ ಬೀಳುವಂತೆ ಹೊಂದಿಸುವುದು. ರೈಫಲನ್ನು ನೆಟ್ಟಗೆ ಕಟ್ಟಿಟ್ಟು ಚುಕ್ಕೆ ಹೊಂದಿಸಿದರೆ ಪ್ರಯೋಜನವಿಲ್ಲ. ಸ್ಪರ್ಧೆಯಲ್ಲಿ ಹೇಗೆ ಹೊರಳಿಸಿ ಹಿಡಿಯುತ್ತೀರೋ ಹಾಗೆಯೇ ಹಿಡಿದು ಹೊಡೆಯಬೇಕು. ಆಗ ಚುಕ್ಕೆ ನಳಿಗೆಯ ನೇರ ಮೇಲಿರುತ್ತದೆ, ಮೇಲೆ-ಕೆಳಗೆ, ಎಡ-ಬಲ ತಿರುಪುಗಳು ಹೇಳಿದಂತೆ ಕೇಳುತ್ತವೆ. .223 ಗುಂಡಿಗೆ 50 ಮೀಟರ್‌ನಲ್ಲಿ ಹೊಂದಿಸುವುದು ಅನುಕೂಲ. ಚುಕ್ಕೆ ನಳಿಗೆಗಿಂತ ಆರೂವರೆ ಸೆಂಟಿಮೀಟರ್ ಮೇಲಿದೆ ಎನ್ನೋಣ. 50 ಮೀಟರ್‌ಗೆ ಹೊಂದಿಸಿದಾಗ ಗುಂಡು 10 ಮೀಟರ್‌ನಲ್ಲಿ ಚುಕ್ಕೆಗಿಂತ ಸುಮಾರು ಐದು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ದೊಡ್ಡ ರಟ್ಟಿಗೆ ಇದು ಲೆಕ್ಕವಲ್ಲ, ಅರ್ಧ ಮುಚ್ಚಿದ ಸಣ್ಣ ಗುರಿಯಾದರೆ ಈಡೇ ತಪ್ಪಬಹುದು. ಅಂಥಲ್ಲಿ ಚುಕ್ಕೆಯನ್ನು ಅಷ್ಟು ಮೇಲೆ ಹಿಡಿಯಬೇಕು.

ಒಂದು ಪಟ್ಟಿನಿಂದ ಆರು, ಎಂಟು ಪಟ್ಟಿನವರೆಗೆ ಹೋಗುವ ಸ್ಕೋಪು ಇರುವ ಹೆಚ್ಚಿನವರಿಗೆ ಇದೆಲ್ಲ ಬೇಡವೇ ಬೇಡ. ಒಂದಕ್ಕೆ ಇಳಿಸಿದರೆ ಹತ್ತಿರದ್ದಕ್ಕೆ ಸಾಕು. ದೂರ-ಹತ್ತಿರ ಪದೇ ಪದೇ ಬದಲಾಗುವ ಸುತ್ತುಗಳಲ್ಲಿ ಮಾತ್ರ ಸ್ಕೋಪಿನ ಜೊತೆಗಿನ ರೆಡ್ ಡಾಟ್ ಗೆಲ್ಲಿಸುತ್ತದೆ. ಕೊಳ್ಳುವ ಮೊದಲು ನಿಮ್ಮ ವಿಭಾಗದ ನಿಯಮ ಓದಿಕೊಳ್ಳಿ: ಟ್ಯಾಕ್ಟಿಕಲ್ ವಿಭಾಗದಲ್ಲಿ ಸಾಮಾನ್ಯವಾಗಿ ರೈಫಲ್‌ಗೆ ಒಂದೇ ಆಪ್ಟಿಕ್ (ಸ್ಕೋಪು ಇಲ್ಲವೇ ರೆಡ್ ಡಾಟ್).